ಜಾರ್ಜ್ ಸೈಮನ್ ಓಮನ ಚರಿತ್ರೆ

ಗುಂಡಿಯನ್ನೊತ್ತಿದೊಡನೆ ಮನೆಯಲ್ಲಿ ದೀಪವು ಬೆಳಗುವದನ್ನು ದಿನವೂ ನೋಡುವ ನಮಗೆ ಅದು ಸೋಜಿಗವೆಂದು ತೋರುವದಿಲ್ಲ. ಆದರೆ ಆ ದೀಪದ ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯುವದೆಂಬದನ್ನು ಮೊದಲೇ ಲೆಕ್ಕಮಾಡಿ ಹೇಳುವ ನಿಯಮವನ್ನು ಜಗತ್ತಿಗೆ ಕೊಟ್ಟವನು ಒಬ್ಬ ಶಾಲಾಶಿಕ್ಷಕನು. ಅವನ ಚರಿತ್ರೆಯು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿದಿರತಕ್ಕದ್ದು.

ಜಾರ್ಜ್ ಸೈಮನ್ ಓಮನು 1789ನೆಯ ಇಸವಿ ಮಾರ್ಚ್ 16ನೆಯ ದಿವಸ ಜರ್ಮನಿ ದೇಶದ ಎರ್ಲಾಂಗೆನ್ ಪಟ್ಟಣದ ಒಂದು ಪ್ರಾಟೆಸ್ಟಂಟ್ ಕುಟುಂಬದಲ್ಲಿ ಹುಟ್ಟಿದನು. ತಂದೆಯು ಬೀಗ ಮಾಡುವ ಕಸಬಿನವನು. ತಾಯಿಯು ಸಿಂಪಿಗನ ಮಗಳು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಮೂವರೇ. ಓಮನು ಹತ್ತು ವರುಷದವನಾಗಿದ್ದಾಗ ತಾಯಿಯು ತೀರಿಕೊಂಡಳು. ಸ್ವಪ್ರಯತ್ನದಿಂದಲೇ ವಿದ್ಯೆಯನ್ನು ಸಂಪಾದಿಸಿದ್ದ ತಂದೆಯು ತನ್ನ ಮಕ್ಕಳಿಗೆ ಗಣಿತವನ್ನೂ ವಿಜ್ಞಾನವನ್ನೂ ತಾನೇ ಕಲಿಸಿದನು.

1805ರಲ್ಲಿ ಓಮನು ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಅಭ್ಯಾಸವನ್ನು ಬದಿಗಿಟ್ಟು, ನೃತ್ಯದಲ್ಲಿಯೂ ಹಿಮದ ಮೇಲೆ ಜಾರುವ ಆಟದಲ್ಲಿಯೂ ಕಾಲಕಳೆಯತೊಡಗಿದನು. ದೇವರು ಕೊಟ್ಟ ತಲಾಂತನ್ನು ಮಗನು ನೆಲದಲ್ಲಿ ಹೂಳುತ್ತಿರುವದನ್ನು ಕಂಡು ತಂದೆಯು ಬಹಳ ನೊಂದು, ಅವನನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಿಬಿಟ್ಟನು. ಅಲ್ಲಿ ಶಾಲೆಯೊಂದರಲ್ಲಿ ಗಣಿತವನ್ನು ಕಲಿಸುತ್ತ, ಉಳಿದ ವೇಳೆಯಲ್ಲಿ ತಾನೂ ಓದುತ್ತ ಓಮನು ತಿದ್ದಿಕೊಂಡನು. 1811ರಲ್ಲಿ ಎರ್ಲಾಂಗೆನ್ನಿಗೆ ಮರಳಿ ಡಾಕ್ಟರ್ ಪದವಿಯನ್ನು ಪಡೆದನು. ಕೆಲವು ವರುಷ ಅಲ್ಪ ಸಂಬಳದಲ್ಲಿ ಕಷ್ಟಪಟ್ಟ ಬಳಿಕ 1817ರಲ್ಲಿ ಕೊಲೋನ್ ನಗರದ ಹೈಸ್ಕೂಲಿನಲ್ಲಿ ಅವನಿಗೆ ಕೆಲಸವು ದೊರೆಯಿತು.

ಆ ಶಾಲೆಯಲ್ಲಿ ಒಳ್ಳೇ ಪ್ರಯೋಗಶಾಲೆಯಿತ್ತು. ತಂದೆಯಿಂದ ಬಂದ ಕೈಚಳಕವು ಅಲ್ಲಿ ಉಪಯೋಗಕ್ಕೆ ಬಿತ್ತು. 1825ರಲ್ಲಿ ಅವನು ತನ್ನ ಮೊದಲಿನ ಶೋಧವನ್ನು ಪ್ರಕಟಿಸಿದನು. ಆದರೆ ಅದರ ಸೂತ್ರವು ಸರಿಯಾಗಿರಲಿಲ್ಲ. ಅಂದಿನ ಬ್ಯಾಟರಿಗಳ ಬಲವು ನೋಡನೋಡುತ್ತಿರುವಂತೆಯೇ ಕುಂದುತ್ತಿದ್ದದ್ದೇ ಇದಕ್ಕೆ ಕಾರಣ. ಓಮನು ತಪ್ಪನ್ನು ಮುಚ್ಚಿಡಲಿಲ್ಲ. ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು, ಕದಲದ ವಿದ್ಯುತ್ತನ್ನು ಪಡೆದನು. ಬಳಿಕ ಉದ್ದವು ಬೇರೆ ಬೇರೆಯಾದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಹಚ್ಚಿ ಪ್ರವಾಹವನ್ನು ಅಳೆದನು. 1826ರಲ್ಲಿ ಸರಿಯಾದ ನಿಯಮವು ಹೊರಬಂದಿತು.

ಆ ನಿಯಮವನ್ನು ನಮ್ಮ ಹೊಲಗಳಿಗೆ ನೀರು ಹಾಯಿಸುವ ರೀತಿಯಿಂದ ತಿಳಿಯಬಹುದು. ಕೆರೆಯಲ್ಲಿ ನೀರು ಎತ್ತರವಾಗಿದ್ದಷ್ಟೂ ತೂಬಿನಿಂದ ರಭಸವಾಗಿ ಹರಿಯುವದು. ತೂಬು ಇಕ್ಕಟ್ಟಾದಷ್ಟೂ ಹರಿವು ಕಡಿಮೆಯಾಗುವದು. ಹಾಗೆಯೇ ವಿದ್ಯುತ್ತನ್ನು ನೂಕುವ ಒತ್ತಡಕ್ಕೆ ವೋಲ್ಟ್, ಹರಿಯುವ ಪ್ರವಾಹಕ್ಕೆ ಆಂಪಿಯರ್, ತಂತಿಯು ಒಡ್ಡುವ ತಡೆಗೆ ಓಮ್ ಎಂಬ ಅಳತೆಗಳುಂಟು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಡೆಯು ಸಿಕ್ಕುವದು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಶಕ್ತಿಯು ವಾಟ್‌ಗಳಲ್ಲಿ ಬರುವದು. 230 ವೋಲ್ಟಿನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೊಂದು 4 ಆಂಪಿಯರ್ ಪ್ರವಾಹವನ್ನು ಎಳೆದುಕೊಂಡರೆ, ಅದರ ತಡೆಯು 57.5 ಓಮ್, ಶಕ್ತಿಯು 920 ವಾಟ್. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ತಡೆಯಿಂದ ಗುಣಿಸಿದಷ್ಟಿರುವದೆಂದು 1841ರಲ್ಲಿ ಇಂಗ್ಲೆಂಡಿನ ಜೌಲನು ಪ್ರಕಟಿಸಿದನು.

ಓಮನು ತನ್ನ ಸಿದ್ಧಾಂತವನ್ನು 1827ರಲ್ಲಿ ಗ್ರಂಥರೂಪವಾಗಿ ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಅದನ್ನು ಬರೆಯುವದಕ್ಕಾಗಿ ಅರ್ಧ ಸಂಬಳದ ಮೇಲೆ ರಜೆ ಪಡೆದು ತಮ್ಮನಾದ ಮಾರ್ಟಿನ್ನನ ಊರಿನಲ್ಲಿ ನಿಂತಿದ್ದನು. ಆ ಗ್ರಂಥದಿಂದ ವಿಶ್ವವಿದ್ಯಾಲಯದಲ್ಲಿ ಸ್ಥಾನವು ದೊರೆಯುವದೆಂದು ಅವನು ಆಶಿಸಿದ್ದನು. ಆದರೆ ಪಂಡಿತರು ಅದನ್ನು ಆದರಿಸಲಿಲ್ಲ. ಮನನೊಂದು ಅವನು ಕೊಲೋನಿನ ಕೆಲಸವನ್ನು ಬಿಟ್ಟನು. ಬರ್ಲಿನ್ನಿನಲ್ಲಿ ವಾರಕ್ಕೆ ಕೆಲವೇ ತಾಸು ಪಾಠ ಹೇಳಿ ದಿನಗಳೆದನು. 1833ರಲ್ಲಿ ನ್ಯೂರೆಂಬರ್ಗಿನ ಶಿಲ್ಪಶಾಲೆಯಲ್ಲಿ ಆಶ್ರಯವು ದೊರೆಯಿತು. ಗ್ರಂಥವು ಹೊರಟು ಹದಿನಾಲ್ಕು ವರುಷಗಳಾದ ಮೇಲೆ, 1841ರಲ್ಲಿ, ಲಂಡನ್ನಿನ ರಾಯಲ್ ಸೊಸಾಯಿಟಿಯು ಅವನಿಗೆ ಕೋಪ್ಲಿ ಪದಕವನ್ನು ಕೊಟ್ಟಿತು. ಬಯಸಿದ ಪ್ರಾಧ್ಯಾಪಕ ಪದವಿಯು ಮ್ಯೂನಿಕ್ ನಗರದಲ್ಲಿ ಸಿಕ್ಕಿದ್ದು 1852ರಲ್ಲಿ. ಎರಡೇ ವರುಷಗಳ ತರುವಾಯ, 1854ನೆಯ ಜುಲೈ 6ರಂದು, ಅವನು ಮರಣಹೊಂದಿದನು. 1881ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ವಿದ್ವಾಂಸರು ತಡೆಯ ಅಳತೆಗೆ ಅವನ ಹೆಸರನ್ನೇ ಇಟ್ಟರು.

ಈ ಲೆಕ್ಕದ ಫಲವನ್ನು ನಮ್ಮ ಕನ್ನಡನಾಡು ಬೇಗನೆ ಉಂಡಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಇಷ್ಟು ಉದ್ದದ ತಂತಿಯ ತಡೆಯಲ್ಲಿ ಶಕ್ತಿಯು ವ್ಯರ್ಥವಾಗದಂತೆ ಅದನ್ನು ಹತ್ತಾರು ಸಾವಿರ ವೋಲ್ಟುಗಳಲ್ಲಿ ಕಳುಹಿಸಿದರು. ವೋಲ್ಟು ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಪ್ರವಾಹವು ಹತ್ತನೆಯ ಒಂದಂಶ ಸಾಕು. ತಂತಿಯಲ್ಲಿಯ ನಷ್ಟವು ನೂರನೆಯ ಒಂದಂಶಕ್ಕೆ ಇಳಿಯುವದು. ಇಂದು ನವಲಗುಂದ, ಅಣ್ಣಿಗೇರಿಗಳ ಹೊಲಗಳ ಮೇಲೆ ಹಾಯ್ದುಹೋಗುವ ದೊಡ್ಡ ತಂತಿಗಳಿಗೂ ಇದೇ ಲೆಕ್ಕವು ಆಧಾರ.

ಓಮನ ಗ್ರಂಥವು ಹೊರಟು ಹತ್ತು ವರುಷಗಳಾದ ಮೇಲೆ, 1837ರಲ್ಲಿ, ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದರು. ಆ ಕಾಲದಲ್ಲಿ ಈ ಪ್ರಾಂತದ ಹೆಣ್ಣುಮಕ್ಕಳಿಗೆ ಅಕ್ಷರವೇ ದುರ್ಲಭವಾಗಿತ್ತು. ಇಂದು ಅವರು ಓಮನ ನಿಯಮವನ್ನು ಹಲಗೆಯ ಮೇಲೆ ಬರೆದು ಬಿಡಿಸುತ್ತಾರೆ. ವಿದ್ಯಾರ್ಥಿನಿಯರೇ, ಲೆಕ್ಕವು ತಪ್ಪಿದಾಗ ಎದೆಗುಂದಬೇಡಿರಿ. ಓಮನ ಮೊದಲನೆಯ ಲೆಕ್ಕವೂ ತಪ್ಪಿತ್ತು. ಅವನು ಅದನ್ನು ಅಳಿಸಿ ಮತ್ತೊಮ್ಮೆ ಮಾಡಿದನು.