ಬಿ.ಎಲ್. ರೈಸ್ ಅವರ ಶಾಸನಸಂಚಾರ ಮತ್ತು ಕೊಪ್ಪ–ಶೃಂಗೇರಿ ಸೀಮೆ

ಬೆಂಜಮಿನ್ ಲೂಯಿಸ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು. ಮುಂದೆ ಶಿಕ್ಷಣಾಧಿಕಾರಿಯಾಗಿ ಕುದುರೆಯ ಮೇಲೆ ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಕಲ್ಬರಹಗಳೇ ಅವರ ಬಾಳಿನ ಕೆಲಸವಾದವು.

'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟ (1901) ಕಡೂರು ಜಿಲ್ಲೆಯದು. ಬಯಲುಸೀಮೆಯ ಕಡೂರಿನೊಡನೆ ಮಲೆನಾಡಿನ ಕೊಪ್ಪ, ಶೃಂಗೇರಿಗಳೂ ಅದರಲ್ಲಿ ಸೇರಿವೆ. ಶೃಂಗೇರಿಯೊಂದನ್ನೇ ನೋಡಬಹುದು. ಹರಿಹರನೂ ಆತನ ಸೋದರರೂ ಭಾರತೀತೀರ್ಥರಿಗೆ ನೀಡಿದ 1346ರ ದತ್ತಿಶಾಸನದ ಜೊತೆಗೇ ಪಾರ್ಶ್ವನಾಥ ಬಸದಿಯ 12ನೆಯ ಶತಮಾನದ ಜೈನಶಾಸನವೂ ಅಲ್ಲಿ ಅಚ್ಚಾಗಿದೆ. ಶೃಂಗೇರಿಯನ್ನು ಮಠದ ಊರೆಂದಷ್ಟೇ ಬಗೆಯುವ ರೂಢಿ ಇವೆರಡನ್ನೂ ಒಟ್ಟಿಗೆ ಓದಿದಾಗ ನಿಲ್ಲುವುದಿಲ್ಲ.

ಆದರೆ ನರಸಿಂಹರಾಜಪುರವೆಂಬ ಹೆಸರನ್ನು ಆ ಸಂಪುಟದಲ್ಲಿ ಹುಡುಕುವುದು ವ್ಯರ್ಥ. ಆಗ ಅದು ಕೊಪ್ಪಕ್ಕೆ ಸೇರಿದ ಎಡೆಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದದ್ದು 1915ರಲ್ಲಿ. ಹೆಸರು ಕಾಣಲಿಲ್ಲವೆಂದು ಶಾಸನವೇ ಇಲ್ಲವೆಂಬ ತೀರ್ಮಾನಕ್ಕೆ ಬರುವ ಅಪಾಯ ಇಲ್ಲಿ ಸಣ್ಣದಲ್ಲ. ಅಷ್ಟರಲ್ಲಿ ರೈಸ್ ನಿವೃತ್ತರಾಗಿ ಇಂಗ್ಲೆಂಡ್ ಸೇರಿದ್ದರು. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದ ಅವರು 1927ರಲ್ಲಿ ಹ್ಯಾರೋದಲ್ಲಿ ತೀರಿಕೊಂಡರು.