ಮೇಕೆಯ ಕಣ್ಣು, ಅಪ್ಪಾಜಿಯ ಕಣ್ಣು

ನಮ್ಮ ಠಾಣೆ, ಡೊಂಬಿವಲಿಯ ಮಕ್ಕಳಿಗೆ ಕೃಷ್ಣದೇವರಾಯ ಗೊತ್ತಿರುವುದು ತೆನಾಲಿ ರಾಮನ ಹಿಂದಿ ಧಾರಾವಾಹಿಯಿಂದ. ಸಿಂಹಾಸನದ ಮೇಲೆ ಕೂತು ನಗುವ, ಒಮ್ಮೊಮ್ಮೆ ಸಿಟ್ಟಾಗಿ ಮತ್ತೆ ಸಮಾಧಾನವಾಗುವ ಮಹಾರಾಜ. ನಮ್ಮ ತಲೆಮಾರಿನವರಿಗೆ ರಾಯನೆಂದರೆ 1970ರ ‘ಶ್ರೀಕೃಷ್ಣದೇವರಾಯ’ ಸಿನಿಮಾದ ಡಾ. ರಾಜ್‌ಕುಮಾರ್, ಅವರ ಪಕ್ಕದಲ್ಲಿ ತಿಮ್ಮರಸನಾಗಿ ಬಿ.ಆರ್. ಪಂತುಲು. ಕಲ್ಯಾಣದಲ್ಲಿ ರೈಲು ಹತ್ತಿ ಸೊಲ್ಲಾಪುರ, ವಿಜಯಪುರ, ಗದಗ ದಾಟಿ ಹಂಪಿಗೆ ಹೋಗಿ ಬಂದವರು ನಮ್ಮ ವೇದಿಕೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಗೈಡುಗಳು ಕಲ್ಲಿನ ರಥ ತೋರಿಸುತ್ತಾರೆ, ಬಳ್ಳದಲ್ಲಿ ಮುತ್ತುರತ್ನ ಅಳೆದು ಮಾರಿದ ಕಥೆ ಹೇಳುತ್ತಾರೆ. ಆದರೆ ರಾಯನ ಬದುಕಿನ ಕೊನೆಯ ಐದಾರು ವರ್ಷಗಳ ವಿಷಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಾನು ಹೇಳಹೊರಟಿರುವುದು ಅದನ್ನೇ.

ಕಥೆ ಶುರುವಾಗುವುದು ಒಂದು ಕುದುರೆ ಲಾಯದಲ್ಲಿ.

ತುಳುವ ನರಸನಾಯಕನಿಗೆ ಮೂವರು ಹೆಂಡಂದಿರು. ತಿಪ್ಪಾಂಬೆಯ ಮಗ ವೀರನರಸಿಂಹ, ನಾಗಲಾಂಬೆಯ ಮಗ ಕೃಷ್ಣ, ಓಬಾಂಬೆಯ ಮಕ್ಕಳು ರಂಗ ಮತ್ತು ಅಚ್ಯುತ. ತಂದೆಯ ನಂತರ ಹಿರಿಯವನಾದ ವೀರನರಸಿಂಹ ಅಧಿಕಾರಕ್ಕೆ ಬಂದ. 1509ರಲ್ಲಿ ಅವನು ಹಾಸಿಗೆ ಹಿಡಿದಾಗ ಅವನ ಮಗನಿಗೆ ಎಂಟೇ ವರ್ಷ. ತಾನು ಕಣ್ಣುಮುಚ್ಚಿದರೆ ತಮ್ಮ ಕೃಷ್ಣ ಪಟ್ಟಕ್ಕೆ ಬರುತ್ತಾನೆ, ತನ್ನ ಮಗ ಮೂಲೆಗುಂಪಾಗುತ್ತಾನೆ ಎಂಬ ಭಯ ಅವನಿಗೆ. ಪ್ರಧಾನಿ ಸಾಳುವ ತಿಮ್ಮರಸನನ್ನು ಕರೆಸಿ ಕೃಷ್ಣನ ಕಣ್ಣು ಕೀಳಿಸಿ ತಂದು ತೋರಿಸಬೇಕೆಂದು ಅಪ್ಪಣೆ ಮಾಡಿದ. ಕುರುಡನಿಗೆ ಪಟ್ಟ ಕಟ್ಟುವಂತಿರಲಿಲ್ಲವಲ್ಲ.

ತಿಮ್ಮರಸ ಹುಡುಗನನ್ನು ಲಾಯಕ್ಕೆ ಕರೆದುಕೊಂಡು ಹೋಗಿ ಅಣ್ಣನ ಅಪ್ಪಣೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ. ತನಗೆ ರಾಜ್ಯವೂ ಬೇಡ, ಏನೂ ಬೇಡ, ಜೋಗಿಯಾಗಿ ಊರೂರು ತಿರುಗಿಕೊಂಡಿರುತ್ತೇನೆ, ಕಣ್ಣು ಮಾತ್ರ ಉಳಿಸಿ ಎಂದು ಕೃಷ್ಣ ಬೇಡಿಕೊಂಡನಂತೆ. ತಿಮ್ಮರಸ ಅವನನ್ನು ಬಚ್ಚಿಟ್ಟು, ಒಂದು ಮೇಕೆಯನ್ನು ತರಿಸಿ ಅದರ ಕಣ್ಣು ಕೀಳಿಸಿ ಸಾಯುತ್ತಿದ್ದ ರಾಜನಿಗೆ ತೋರಿಸಿದ. ಅಣ್ಣ ಸತ್ತ ಮೇಲೆ ಕೃಷ್ಣ ಕೃಷ್ಣದೇವರಾಯನಾದ.

ಇದನ್ನೆಲ್ಲ ಬರೆದಿಟ್ಟವನು ಫರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ರಾಯ ತೀರಿಕೊಂಡ ಕೆಲವೇ ವರ್ಷಗಳಲ್ಲಿ ವಿಜಯನಗರದಲ್ಲಿದ್ದು, ಅಲ್ಲಿನ ಜನರಿಂದ ಕೇಳಿ ಬರೆದ. ನಮ್ಮ ಪಕ್ಕದ ವಸಯಿ ಪೋರ್ಚುಗೀಸರ ಕೈಸೇರಿದ್ದು 1534ರಲ್ಲಿ, ಹೆಚ್ಚುಕಡಿಮೆ ಅದೇ ಕಾಲ. ವಸಯಿ ಕೋಟೆಗೆ ಪಿಕ್‌ನಿಕ್ ಹೋದಾಗ ಒಮ್ಮೆ ನೆನಪಿಸಿಕೊಳ್ಳಿ, ಅಲ್ಲಿ ಓಡಾಡಿದ ಜನರ ಬಂಧುಬಳಗದವರೇ ಹಂಪಿಗೆ ಕುದುರೆ ಮಾರುತ್ತಿದ್ದವರು.

ಪಟ್ಟಾಭಿಷೇಕದ ಮುನ್ನಾದಿನ ತಿಮ್ಮರಸ ರಾಯನ ಕೆನ್ನೆಗೆ ಬಾರಿಸಿದನೆಂದು ಒಂದು ಜನಪದ ಕಥೆ ಇದೆ. ನಾಳೆಯಿಂದ ನಿನಗೆ ಯಾರೂ ಹೊಡೆಯುವಂತಿಲ್ಲ, ಹೊಡೆತದ ನೋವು ಹೇಗಿರುತ್ತದೆಂದು ಇವತ್ತೇ ತಿಳಿದುಕೋ ಎಂಬ ಅರ್ಥದಲ್ಲಿ. ನಡೆದಿತ್ತೋ ಇಲ್ಲವೋ, ಜನ ಆ ಇಬ್ಬರ ಸಂಬಂಧವನ್ನು ಹೇಗೆ ಕಂಡಿದ್ದರು ಎಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ. ರಾಯ ಅವನನ್ನು ಕರೆಯುತ್ತಿದ್ದುದೇ ಅಪ್ಪಾಜಿ ಎಂದು.

ಆದರೆ ಪಟ್ಟಕ್ಕೆ ಬಂದ ದಿನವೇ ರಾಯ ಮಾಡಿದ ಇನ್ನೊಂದು ಕೆಲಸವನ್ನು ನಾವು ಮರೆತುಬಿಡುತ್ತೇವೆ. ಮೂವರು ಸೋದರರನ್ನೂ, ಅಣ್ಣನ ಆ ಎಂಟು ವರ್ಷದ ಮಗನನ್ನೂ ಹಿಡಿಸಿ ಚಂದ್ರಗಿರಿ ಕೋಟೆಗೆ ಕಳಿಸಿಬಿಟ್ಟ. ಅವರು ಏನೂ ಮಾಡಿರಲಿಲ್ಲ, ಮುಂದೆ ಮಾಡಿಯಾರು ಎಂದಷ್ಟೇ. ಆ ಕಾಲದ ಅರಮನೆಗಳಲ್ಲಿ ಇದು ರೂಢಿ ಎಂದು ಇತಿಹಾಸ ಓದಿದವರು ಹೇಳುತ್ತಾರೆ. ಇರಬಹುದು. ಕಣ್ಣು ಕಳೆದುಕೊಳ್ಳುವುದರಿಂದ ಕೂದಲೆಳೆಯಲ್ಲಿ ಪಾರಾದವನು ತಾನೇ ಒಂದು ಮಗುವನ್ನು ಕೋಟೆಯೊಳಗೆ ಹಾಕಿಸಿದ್ದು ನನಗೆ ಮಾತ್ರ ಇಂದಿಗೂ ಅರಗುವುದಿಲ್ಲ.

ಮುಂದಿನ ಹನ್ನೊಂದು ವರ್ಷ ರಾಯನಿಗೆ ಸೋಲೆಂಬುದೇ ಇಲ್ಲ. ಉಮ್ಮತ್ತೂರಿನ ಗಂಗರಾಜ ಅಡಗಿದ, ಒಂದೂವರೆ ವರ್ಷದ ಮುತ್ತಿಗೆಯ ನಂತರ ಉದಯಗಿರಿ ಸಿಕ್ಕಿತು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹಕ್ಕೆ 1515ರಲ್ಲಿ ಹಂಪಿಯಲ್ಲಿ ಕೃಷ್ಣ ದೇವಾಲಯ ಎದ್ದಿತು. ಅದೇ ವರ್ಷ ಕೊಂಡವೀಡು ಬಿತ್ತು, ಆ ಗೆಲುವಿನ ಹಿಂದೆ ಇದ್ದವನು ತಿಮ್ಮರಸ. ಗಜಪತಿ ಮಗಳನ್ನು ಕೊಟ್ಟು ರಾಜಿಯಾದ. 1520ರಲ್ಲಿ ರಾಯಚೂರು. ಇವುಗಳ ನಡುವೆಯೇ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’, ಸಂಸ್ಕೃತದಲ್ಲಿ ‘ಜಾಂಬವತೀ ಕಲ್ಯಾಣ’ ಬರೆದ. 1513ರಿಂದ 1521ರೊಳಗೆ ಏಳು ಸಲ ತಿರುಪತಿಗೆ ಹೋಗಿ ಬಂದ. ತಿಮ್ಮಪ್ಪನ ಗುಡಿಯಲ್ಲಿ ಕ್ಯೂನಲ್ಲಿ ನಿಂತು ಸಾಗುವಾಗ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆ, ಎರಡೂ ಕಡೆ ರಾಣಿಯರಾದ ತಿರುಮಲಾದೇವಿ ಮತ್ತು ಚಿನ್ನಾದೇವಿ, ನೋಡಿಯೇ ಇರುತ್ತೀರಿ. ತಿರುಪತಿಯಿಂದ ಚಂದ್ರಗಿರಿಗೆ ಇರುವುದು ಹತ್ತು ಹದಿನೈದು ಕಿಲೋಮೀಟರ್. ಏಳು ಸಲ ದೇವರ ಮುಂದೆ ಕೈಮುಗಿದವನ ತಮ್ಮಂದಿರು ಅಷ್ಟು ಹತ್ತಿರದಲ್ಲಿ ಬಂದಿಗಳಾಗಿದ್ದರು.

ಡೊಮಿಂಗೊ ಪಾಯಸ್ ಎಂಬ ಇನ್ನೊಬ್ಬ ಪೋರ್ಚುಗೀಸ ಈ ಒಳ್ಳೆಯ ಕಾಲದಲ್ಲೇ ರಾಯನನ್ನು ಕಣ್ಣಾರೆ ಕಂಡ. ಮಧ್ಯಮ ಎತ್ತರ, ಮುಖದಲ್ಲಿ ಸಿಡುಬಿನ ಕಲೆ. ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಸಿಕೊಂಡು, ಬೆವರಿನ ಜೊತೆ ಎಣ್ಣೆ ಇಳಿಯುವವರೆಗೂ ಕತ್ತಿವರಸೆ, ಕುಸ್ತಿ, ಆಮೇಲೆ ಕುದುರೆ ಸವಾರಿ. ಹಸನ್ಮುಖಿ, ವಿದೇಶದವರನ್ನು ಆದರದಿಂದ ಕಾಣುವವನು. ಆದರೆ ಇದ್ದಕ್ಕಿದ್ದಂತೆ ಸಿಟ್ಟು ನೆತ್ತಿಗೇರುವ ಸ್ವಭಾವ ಎಂಬುದನ್ನೂ ಪಾಯಸ್ ಬರೆಯಲು ಮರೆಯಲಿಲ್ಲ. ಮುದುಕ ತಿಮ್ಮರಸನ ಬಗ್ಗೆಯೂ ಬರೆದಿದ್ದಾನೆ. ಅರಮನೆಯೆಲ್ಲ ಅವನ ಅಂಕೆಯಲ್ಲಿತ್ತು, ದೊಡ್ಡ ದೊಡ್ಡ ಸರದಾರರು ರಾಜನ ಮುಂದೆ ಹೇಗೋ ಹಾಗೆ ಅವನ ಮುಂದೆಯೂ ನಡೆದುಕೊಳ್ಳುತ್ತಿದ್ದರಂತೆ. ಕೊಂಡವೀಡಿನ ಆಡಳಿತ ಅವನ ಸೋದರಳಿಯ ನಾದೆಂಡ್ಲ ಗೋಪನ ಕೈಯಲ್ಲಿ, ತಮ್ಮ, ಮಕ್ಕಳು ಎಲ್ಲರೂ ಅಧಿಕಾರದಲ್ಲಿ. ರಾಯನೇ ಕೊಟ್ಟ ಅಧಿಕಾರ ಅದು. ಆದರೆ ಒಂದು ಮನೆತನ ಹೀಗೆ ಬೆಳೆದಾಗ ರಾಜನ ಕಿವಿಗೆ ಬೀಳುವ ಮಾತುಗಳೂ ಬೆಳೆಯುತ್ತವೆ.

1524ರಲ್ಲಿ ರಾಯ ಒಂದು ವಿಚಿತ್ರ ನಿರ್ಧಾರ ಮಾಡಿದ. ತಾನು ಬದುಕಿರುವಾಗಲೇ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ತಾನು ಮಗನ ಮಂತ್ರಿಯಾಗಿ ಕೂತ, ಮಂತ್ರಿಯಾಗಿದ್ದ ತಿಮ್ಮರಸ ಸಲಹೆಗಾರನಾದ, ತಿಮ್ಮರಸನ ಮಗನೊಬ್ಬನಿಗೆ ದೊಡ್ಡ ಪದವಿ ಸಿಕ್ಕಿತು. ತನ್ನ ಪಟ್ಟದ ವೇಳೆ ನಡೆದದ್ದು ಮಗನಿಗೆ ನಡೆಯದಿರಲಿ ಎಂಬ ಮುಂದಾಲೋಚನೆ ಇದು ಎಂದೇ ನನ್ನ ಅನಿಸಿಕೆ. ಅಣ್ಣ ಮಗನಿಗಾಗಿ ತಮ್ಮನ ಕಣ್ಣು ಕೇಳಿದ್ದ, ತಮ್ಮ ಮಗನಿಗಾಗಿ ಸಿಂಹಾಸನವನ್ನೇ ಬಿಟ್ಟುಕೊಟ್ಟ.

ಉತ್ಸವಗಳು ಎಂಟು ತಿಂಗಳು ನಡೆದವು. ಅದರ ನಡುವೆಯೇ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ.

ಆರೇಳು ವರ್ಷದ ಮಗು ಜ್ವರ ಬಂದೋ, ವಾಂತಿಭೇದಿಯಾಗಿಯೋ ಸಾಯುವುದು ಆ ಕಾಲದಲ್ಲಿ ಪ್ರತಿ ಬೀದಿಯಲ್ಲೂ ನಡೆಯುತ್ತಿತ್ತು. ನಮ್ಮ ಅಜ್ಜಿಯರ ಕಾಲದವರೆಗೂ ನಡೆಯುತ್ತಿತ್ತು, ಹೆತ್ತ ಎಂಟರಲ್ಲಿ ನಾಲ್ಕು ಉಳಿದರೆ ಪುಣ್ಯ. ಆದರೆ ಅರಮನೆಯಲ್ಲಿ ಮಗು ಸತ್ತರೆ ಅದು ಬರೀ ಸಾವಲ್ಲ. ತಿಮ್ಮರಸನ ಮಗ ವಿಷ ಹಾಕಿಸಿದ ಎಂಬ ಮಾತು ರಾಯನಿಗೆ ತಲುಪಿತು. ರಾಯ ನಂಬಿದ. ವಿಚಾರಣೆ ನಡೆಯಿತು, ಸಾಕ್ಷಿ ಕೇಳಿದರು ಎಂದು ನೂನಿಜ್ ಎಲ್ಲಿಯೂ ಬರೆದಿಲ್ಲ. ಆ ಮಗು ಸತ್ತರೆ ತಿಮ್ಮರಸನಿಗೆ ಏನು ಲಾಭ? ಅವನ ಮನೆಗೆ ಪಟ್ಟ ಬರುವಂತಿರಲಿಲ್ಲ, ಇದ್ದ ಅಧಿಕಾರಕ್ಕಿಂತ ಹೆಚ್ಚಿನದು ಸಿಗುವಂತೆಯೂ ಇರಲಿಲ್ಲ. ಗಜಪತಿಯ ಕಡೆಯವರ ಪಿತೂರಿ ಇದ್ದೀತೆಂದು ಕೆಲವರು, ಅರಮನೆಯ ಇತರರು ಹೊಟ್ಟೆಕಿಚ್ಚಿಗೆ ಹಚ್ಚಿಕೊಟ್ಟರೆಂದು ಕೆಲವರು ಊಹಿಸಿದ್ದಾರೆ. ತಿಮ್ಮರಸನ ಮೇಲಿನ ಆರೋಪಕ್ಕೆ ಆಧಾರ ಮಾತ್ರ ಯಾರಿಗೂ ಸಿಕ್ಕಿಲ್ಲ.

ರಾಯ ತಿಮ್ಮರಸನನ್ನೂ ಅವನ ಮನೆಯವರನ್ನೂ ಆಸ್ಥಾನಕ್ಕೆ ಕರೆಸಿದ. ಎಲ್ಲರೆದುರು ಅವನು ಹೊರಿಸಿದ ಆರೋಪ ಓದಿದಾಗ ನನಗೆ ಮೈ ಜುಮ್ಮೆಂದಿತು. ವಿಷದ ಮಾತು ಆಮೇಲೆ ಬಂತು. ಮೊದಲು ಎತ್ತಿದ್ದು ಹದಿನೈದು ವರ್ಷ ಹಿಂದಿನ ಆ ಮೇಕೆಯ ಕಣ್ಣನ್ನು. ಅಂದು ನಿನ್ನ ಒಡೆಯನಾದ ನನ್ನ ಅಣ್ಣ ನನ್ನ ಕಣ್ಣು ಕೀಳೆಂದು ಆಜ್ಞೆ ಮಾಡಿದ್ದ, ನೀನು ಆಜ್ಞೆ ಪಾಲಿಸದೆ ಮೇಕೆಯ ಕಣ್ಣು ತೋರಿಸಿ ಮೋಸ ಮಾಡಿದೆ, ಆದ್ದರಿಂದ ನೀನು ಆಗಲೇ ದ್ರೋಹಿ, ನೀನು ರಾಜ್ಯ ಕೊಡಿಸಿದೆಯೆಂದು ನನಗೆ ನಿನ್ನ ಋಣವೇನೂ ಇಲ್ಲ ಎಂಬ ತರ್ಕ ಅದು. ಯಾವ ದಯೆಯಿಂದ ತನ್ನ ಕಣ್ಣು ಉಳಿದಿತ್ತೋ ಅದನ್ನೇ ಅಪರಾಧವಾಗಿ ಎಣಿಸಿದ. ಸಂಶಯ ಹೊಕ್ಕ ಮನೆಯಲ್ಲಿ ಹಳೆಯ ಉಪಕಾರಗಳೂ ಹೀಗೆ ಬೇರೆ ಬಣ್ಣ ತಾಳುತ್ತವೆ. ನಮ್ಮ ನಿಮ್ಮ ಮನೆಗಳಲ್ಲೂ ಇದನ್ನು ಕಂಡಿದ್ದೇವೆ.

ತಿಮ್ಮರಸನ ಕಡೆಯವರು ಎಷ್ಟು ಬಲಶಾಲಿಗಳಾಗಿದ್ದರೆಂದರೆ, ಅವರನ್ನು ಹಿಡಿಯುವಾಗ ಊರಿನಲ್ಲಿದ್ದ ಪೋರ್ಚುಗೀಸರ ನೆರವನ್ನೂ ರಾಯ ಕೇಳಬೇಕಾಯಿತು. ಅಪ್ಪ ಮಕ್ಕಳು ಮೂರು ವರ್ಷ ಸೆರೆಮನೆಯಲ್ಲಿದ್ದರು. ತಿಮ್ಮರಸನ ಜಾಗಕ್ಕೆ ಬಂದವನು ಯಾರೆಂದು ಕೇಳಿ. ಹಿಂದೆ ರಾಯನ ತಂದೆ ನರಸನಾಯಕನ ಸೂಚನೆಯಂತೆ ಸಾಳುವ ನರಸಿಂಹನ ಮಗನನ್ನು ಪೆನುಕೊಂಡೆಯಲ್ಲಿ ಮೋಸದಿಂದ ಕೊಂದವನೊಬ್ಬನಿದ್ದ. ಅವನ ಮಗನೇ ಹೊಸ ಮಂತ್ರಿ. ರಾಜಕುಮಾರನನ್ನು ಕೊಂದನೆಂಬ ಸಂಶಯದ ಮೇಲೆ ಒಬ್ಬನನ್ನು ಇಳಿಸಿ, ರಾಜಕುಮಾರನನ್ನು ನಿಜವಾಗಿ ಕೊಂದವನ ಮಗನನ್ನು ಆ ಜಾಗಕ್ಕೆ ಕೂರಿಸಿದಂತಾಯಿತು.

ಮೂರು ವರ್ಷದ ಮೇಲೆ ತಿಮ್ಮರಸನ ಮಗ ತಿಮ್ಮ ದಣ್ಣಾಯಕ ಸೆರೆಯಿಂದ ತಪ್ಪಿಸಿಕೊಂಡು ಬೆಟ್ಟದ ಮೇಲಿನ ಬಂಧುವಿನ ಕೋಟೆ ಸೇರಿದ. ಅಲ್ಲಿಂದ ಅವನು ಕೊಟ್ಟ ಕಾಟಕ್ಕೆ ರಾಯ ಮಂತ್ರಿಯ ಜೊತೆ ದಂಡನ್ನೇ ಕಳಿಸಿದ. ಕೋಟೆಗೆ ಮುತ್ತಿಗೆ ಹಾಕಿ ಹಿಡಿದು ತಂದರು. ನೋಡಿದಿರಾ, ದ್ರೋಹಿಯಲ್ಲದಿದ್ದರೆ ದಂಗೆ ಏಳುತ್ತಿದ್ದನೇ ಎನ್ನುವವರು ಆಗಲೂ ಇದ್ದಿರಬೇಕು. ಮೂರು ವರ್ಷ ಕತ್ತಲಲ್ಲಿ ಕೂಡಿಹಾಕಿದ ಮೇಲೆ ಎದ್ದ ದಂಗೆ ಅದು ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಬ್ರಾಹ್ಮಣರನ್ನು ಕೊಲ್ಲುವಂತಿರಲಿಲ್ಲ. ಆದ್ದರಿಂದ ಅಪ್ಪ ಮತ್ತು ಇಬ್ಬರು ಮಕ್ಕಳನ್ನು ವಧಾಸ್ಥಾನಕ್ಕೆ ಒಯ್ದು ಕಣ್ಣು ಕೀಳಿಸಿ ಮತ್ತೆ ಸೆರೆಗೆ ತಳ್ಳಿದರು. ತಿಮ್ಮ ದಣ್ಣಾಯಕ ಅಲ್ಲೇ ಸತ್ತ. ಕುರುಡ ತಿಮ್ಮರಸ ಇನ್ನೊಬ್ಬ ಕುರುಡ ಮಗನೊಡನೆ ಸೆರೆಯಲ್ಲೇ ಉಳಿದ.

ಈ ಎಲ್ಲದರ ನಡುವೆ ಹುಡುಗನ ತಾಯಿ ಎಲ್ಲಿದ್ದಳು? ತಿರುಮಲಾದೇವಿಯ ಮಗ ಅವನು ಎನ್ನುತ್ತಾರೆ. ಮಗ ಸತ್ತಾಗ ಅವಳು ಯಾರನ್ನು ಸಂಶಯಪಟ್ಟಳು, ಗಂಡನನ್ನು ತಡೆದಳೋ ಉರಿಗೆ ತುಪ್ಪ ಸುರಿದಳೋ, ನೂನಿಜ್‌ಗೆ ಅದನ್ನು ಕೇಳಬೇಕೆಂದೇ ಅನಿಸಲಿಲ್ಲ. ತಿಮ್ಮರಸನ ಮನೆಯ ಹೆಂಗಸರ ಬಗ್ಗೆಯೂ ಒಂದಕ್ಷರವಿಲ್ಲ. ಅರಮನೆ ಗೆದ್ದದ್ದರ ಲೆಕ್ಕ ಬರೆದವರಿಗೆ ಆನೆಗಳ ಸಂಖ್ಯೆ ಗೊತ್ತಿತ್ತು, ಕುದುರೆಗಳ ಬೆಲೆ ಗೊತ್ತಿತ್ತು.

ರಾಯ ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಬೆಳಗಾವಿಯ ಮೇಲೆ ದಂಡೆತ್ತಿ ಹೋಗುವ ಸಿದ್ಧತೆ ನಡೆದಿರುವಾಗಲೇ ಕಾಯಿಲೆ ಬಿದ್ದ. ಆಗ ಅವನಿಗಿದ್ದ ಮಗ ಹದಿನೆಂಟು ತಿಂಗಳ ಕೂಸು. ಪಟ್ಟ ಯಾರಿಗೆ ಎಂದು ಯೋಚಿಸಿದಾಗ ರಾಯನಿಗೆ ನೆನಪಾದದ್ದು ಚಂದ್ರಗಿರಿ. ಇಪ್ಪತ್ತು ವರ್ಷದಿಂದ ಸೆರೆಯಲ್ಲಿಟ್ಟಿದ್ದ ಅಚ್ಯುತನಿಗೇ ರಾಜ್ಯ ಎಂದು ಉಯಿಲು ಬರೆಸಿದ. ಇಷ್ಟು ಕಾಲ ಹೆದರಿದ್ದು ಯಾರಿಗೋ ಕೊನೆಗೆ ನಂಬಿದ್ದು ಅವನನ್ನೇ. ಅಣ್ಣನ ಮಗ, ಆ ಎಂಟು ವರ್ಷದ ಹುಡುಗ, ಅಷ್ಟರಲ್ಲಿ ಕೋಟೆಯ ಗೋಡೆಗಳ ನಡುವೆಯೇ ಗಂಡಸಾಗಿದ್ದ.

ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಗೋಪಾಲಕೃಷ್ಣ ಗುಡಿಯ ಬಳಿ ಒಂದು ಕನ್ನಡ ಶಾಸನ ಸಿಕ್ಕಿ ರಾಯ ತೀರಿಕೊಂಡ ದಿನ ಗೊತ್ತಾಯಿತು. 1529ರ ಅಕ್ಟೋಬರ್ 17, ಭಾನುವಾರ. ಅಂದು ಚಂದ್ರಗ್ರಹಣವೂ ಇತ್ತು. ಚಂದ್ರಗಿರಿಯ ಬಾಗಿಲು ತೆರೆದು ಅಚ್ಯುತ ಹೊರಬಂದ. ಇತ್ತ ಅಳಿಯ ರಾಮರಾಯ ಹದಿನೆಂಟು ತಿಂಗಳ ಕೂಸನ್ನು ಮುಂದಿಟ್ಟುಕೊಂಡು ಪಟ್ಟ ಕೇಳಿದ, ಜಗಳ ಅರಮನೆಯೊಳಗೇ ಬೇರುಬಿಟ್ಟಿತು. ಇಂಥ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿಸಬಲ್ಲ ಒಬ್ಬ ಮುದುಕ ಇರಬೇಕಿತ್ತು, ಅವನನ್ನು ರಾಯ ತನ್ನ ಕೈಯಾರೆ ಕುರುಡನಾಗಿಸಿದ್ದ.

ಪೆನುಕೊಂಡೆ ಈಗ ಆಂಧ್ರದಲ್ಲಿದೆ. ಬೆಂಗಳೂರು-ಹೈದರಾಬಾದ್ ಹೆದ್ದಾರಿಯಿಂದ ಬೆಟ್ಟ ಕಾಣುತ್ತದೆ. ಅಲ್ಲಿ ಒಂದು ಹಳೆಯ ಕಟ್ಟಡವನ್ನು ತೋರಿಸಿ ಊರಿನವರು ಇದು ತಿಮ್ಮರಸನ ಬಂದೀಖಾನೆ ಎನ್ನುತ್ತಾರೆ.