ಹ್ಯಾರಿ ಲ್ಯಾಂಗ್ಡನ್

ಹ್ಯಾರಿ ಲ್ಯಾಂಗ್ಡನ್ (ಜೂನ್ 15, 1884 – ಡಿಸೆಂಬರ್ 22, 1944) ಅಮೆರಿಕದ ಮೂಕಿ ಚಿತ್ರಗಳ ಕಾಲದ ಪ್ರಸಿದ್ಧ ಹಾಸ್ಯನಟರು. 1926ರಲ್ಲಿ ಚಾಪ್ಲಿನ್, ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್ ಅವರ ಸಾಲಿಗೆ ಸೇರಿದ್ದ ಇವರ ಖ್ಯಾತಿ ಎರಡೇ ವರ್ಷಗಳಲ್ಲಿ ಕುಸಿಯಿತು. ಸ್ವತಃ ನಿರ್ದೇಶಿಸಿದ 'ಥ್ರೀಸ್ ಎ ಕ್ರೌಡ್' (1927) ಆ ಕುಸಿತದ ಆರಂಭವೆಂದು ಪರಿಗಣಿತವಾಗಿದೆ.

ಬಾಲ್ಯ ಮತ್ತು ವೃತ್ತಿ

ಲ್ಯಾಂಗ್ಡನ್ ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್‌ನಲ್ಲಿ ಜನಿಸಿದರು. ವಾಡೆವಿಲ್ ರಂಗಭೂಮಿಯಲ್ಲಿ ದೀರ್ಘಕಾಲ ದುಡಿದು, ಕೆಟ್ಟು ನಿಂತ ಮೋಟಾರು ಕಾರಿನ ಪ್ರಹಸನದಿಂದ ಹೆಸರಾದರು. ಚಿತ್ರರಂಗಕ್ಕೆ ಬಂದಾಗ ಅವರಿಗೆ ನಲವತ್ತು ವರ್ಷ ಸಮೀಪಿಸಿತ್ತು. ಮ್ಯಾಕ್ ಸೆನೆಟ್ ಅವರ ಸ್ಟುಡಿಯೋ ಓಟ, ಬಡಿದಾಟಗಳ ವೇಗದ ಹಾಸ್ಯಕ್ಕೆ ಹೆಸರಾಗಿದ್ದರೆ, ಲ್ಯಾಂಗ್ಡನ್ ಅವರದು ನಿಧಾನದ ಹಾಸ್ಯ. ಬಿಳಿ ಬಣ್ಣದ ದುಂಡು ಮುಖ, ಬಿಗಿಯಾದ ಕೋಟು, ಏನು ಮಾಡಬೇಕೆಂದು ತೋಚದೆ ಕಣ್ಣು ಮಿಟುಕಿಸುವ ಮಗುವಿನಂಥ ಮನುಷ್ಯ. ಫ್ರಾಂಕ್ ಕಾಪ್ರಾ ನಿರ್ದೇಶನದ 'ದಿ ಸ್ಟ್ರಾಂಗ್ ಮ್ಯಾನ್' (1926) ಅವರ ಅತ್ಯುತ್ತಮ ಚಿತ್ರವೆನ್ನಬಹುದು. ಮರುವರ್ಷ 'ಲಾಂಗ್ ಪ್ಯಾಂಟ್ಸ್' ಚಿತ್ರದ ನಂತರ ಅವರು ಕಾಪ್ರಾ ಅವರನ್ನು ಕೆಲಸದಿಂದ ತೆಗೆದುಹಾಕಿದರು.

ಥ್ರೀಸ್ ಎ ಕ್ರೌಡ್

ಹೆಂಡತಿ ಮಕ್ಕಳಿಗಾಗಿ ಹಂಬಲಿಸುವ ಒಂಟಿ ಕೂಲಿಯವನಿಗೆ, ಗಂಡನನ್ನು ತೊರೆದು ಬಂದ ತುಂಬು ಗರ್ಭಿಣಿಯೊಬ್ಬಳು ಹಿಮದಲ್ಲಿ ಸಿಗುತ್ತಾಳೆ. ಆತ ಅವಳನ್ನು ಮನೆಗೆ ಕರೆತಂದು ಆರೈಕೆ ಮಾಡುತ್ತಾನೆ, ಮಗು ಹುಟ್ಟುತ್ತದೆ. ಕೊನೆಗೆ ಗಂಡ ಬಂದು ಇಬ್ಬರನ್ನೂ ಕರೆದೊಯ್ಯುತ್ತಾನೆ. ಕೂಲಿಯವನು ಕೈಲಿದ್ದ ಲಾಟೀನನ್ನು ಊದಿ ಆರಿಸಿದೊಡನೆ ಬೀದಿಯ ದೀಪಗಳೂ ಆರುತ್ತವೆ. ಈ ದೃಶ್ಯ ಇಂದಿಗೂ ಮನಮುಟ್ಟುತ್ತದೆ. ಆದರೆ ನಗಲು ಬಂದ ಪ್ರೇಕ್ಷಕರಿಗೆ ನಗೆಯ ಸಂದರ್ಭಗಳು ವಿರಳವಾಗಿದ್ದವು. ಇದ್ದವೂ ಅತಿಯಾಗಿ ಎಳೆದಂತಿದ್ದವು. ಚಿತ್ರ ಸೋತಿತು. ಮುಂದಿನ ವರ್ಷ ಬಂದ 'ದಿ ಚೇಸರ್', 'ಹಾರ್ಟ್ ಟ್ರಬಲ್' ಸಹ ಗೆಲ್ಲಲಿಲ್ಲ. ಫಸ್ಟ್ ನ್ಯಾಷನಲ್ ಸಂಸ್ಥೆ ಒಪ್ಪಂದವನ್ನು ಮುಂದುವರಿಸಲಿಲ್ಲ.

ನಂತರದ ವರ್ಷಗಳು

ವಾಕ್ಚಿತ್ರಗಳ ಕಾಲದಲ್ಲಿ ಲ್ಯಾಂಗ್ಡನ್ ಕಿರುಚಿತ್ರಗಳಲ್ಲಿ ನಟಿಸಿದರು. 'ಬ್ಲಾಕ್‌ಹೆಡ್ಸ್' (1938) ಸೇರಿದಂತೆ ಲಾರೆಲ್ ಮತ್ತು ಹಾರ್ಡಿ ಜೋಡಿಯ ಕೆಲವು ಚಿತ್ರಗಳ ಬರವಣಿಗೆಯಲ್ಲೂ ಪಾಲ್ಗೊಂಡರು. ಮಿದುಳಿನ ರಕ್ತಸ್ರಾವದಿಂದ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು.

ತಮ್ಮ ಪಾತ್ರದ ಸ್ವರೂಪ ಲ್ಯಾಂಗ್ಡನ್ ಅವರಿಗೇ ಅರ್ಥವಾಗಿರಲಿಲ್ಲವೆಂದು ಕಾಪ್ರಾ 1971ರ ಆತ್ಮಕಥೆಯಲ್ಲಿ ವಾದಿಸಿದರು. ಉತ್ತರಿಸಲು ಲ್ಯಾಂಗ್ಡನ್ ಆಗ ಬದುಕಿರಲಿಲ್ಲ. ಹಲವು ವರ್ಷ ಇದೇ ಒಪ್ಪಿತ ಅಭಿಪ್ರಾಯವಾಗಿತ್ತು. ಆದರೆ ಕಾಪ್ರಾ ಜೊತೆಗೂಡುವ ಮೊದಲೇ ರಂಗದ ಮೇಲೆ ಆ ಪಾತ್ರ ರೂಪುಗೊಂಡಿತ್ತೆಂದು ನಂತರದ ಚಿತ್ರ ಇತಿಹಾಸಕಾರರು ತೋರಿಸಿದ್ದಾರೆ. 'ಥ್ರೀಸ್ ಎ ಕ್ರೌಡ್' ಇಂದು ನೋಡಲು ಲಭ್ಯವಿದೆ; 'ಹಾರ್ಟ್ ಟ್ರಬಲ್' ಕಳೆದುಹೋದ ಚಿತ್ರಗಳ ಪಟ್ಟಿಯಲ್ಲಿದೆ.